ನಡುಮನೆ ಬಿಟ್ಟುಕೊಟ್ಟು ಆಡುವ ಕಪ್ಪು: ಮಾಡರ್ನ್ ಡಿಫೆನ್ಸ್ ಕೆಲಸ ಮಾಡೋದು ಹೇಗೆ?

ಚೆಸ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಸಿಗುವ ಬುದ್ಧಿಮಾತು ಒಂದೇ: ನಡುವಿನ ನಾಲ್ಕು ಮನೆ ಹಿಡಿ. ಇ4, ಡಿ4, ಇ5, ಡಿ5 (ಅಕ್ಷರ ಅಂದರೆ ಉದ್ದಸಾಲು, ಅಂಕಿ ಅಂದರೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು). ಅದರಲ್ಲಿ ಸುಳ್ಳೇನಿಲ್ಲ. ನಡುವೆ ನಿಂತ ಕುದುರೆ ಎಂಟು ಮನೆಗೆ ಹಾರುತ್ತದೆ, ಮೂಲೆಯಲ್ಲಿ ನಿಂತರೆ ಎರಡೇ ಮನೆ. ಒಂಟೆಗೂ ರಾಣಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ.

ಈಗ ಬಿಳಿ ಇ4 ಆಡಿತು ಅಂದುಕೊಳ್ಳಿ. ಕಪ್ಪು ನಡುವಿನ ಕಡೆ ತಿರುಗಿಯೂ ನೋಡದೆ, ರಾಜನ ಮಗ್ಗುಲಲ್ಲಿ ಕುದುರೆಯ ಮುಂದಿರುವ ಸಿಪಾಯಿಯನ್ನು ಒಂದೇ ಒಂದು ಮನೆ ತಳ್ಳುತ್ತದೆ: ಜಿ6. ಬಿಳಿ ಖುಷಿಯಿಂದ ಡಿ4 ಆಡಿ ಎರಡು ಸಿಪಾಯಿಗಳನ್ನು ಜೋಡಿಯಾಗಿ ನಿಲ್ಲಿಸುತ್ತದೆ. ಕಪ್ಪು ಒಂಟೆಯನ್ನು ಜಿ7ಕ್ಕೆ ತಂದು ಸುಮ್ಮನಾಗುತ್ತದೆ. ಇಷ್ಟಕ್ಕೇ ಹೆಸರು ಮಾಡರ್ನ್ ಡಿಫೆನ್ಸ್.

ಬಳ್ಳಾರಿಯ ಬೇಸಿಗೆ ಶಿಬಿರದಲ್ಲಿ ಇದನ್ನು ತೋರಿಸಿದಾಗ ಸಿರುಗುಪ್ಪ ಕಡೆಯ ಹುಡುಗನೊಬ್ಬ ಥಟ್ಟನೆ ಕೇಳಿದ್ದ: "ಸರ್, ನಡುಮನಿ ಅವರಿಗೆ ಬಿಟ್ಟುಕೊಟ್ಟು ನಾವು ಮೂಲ್ಯಾಗ ಕುಂತ್ರ ಹೆಂಗ್ರಿ?" ಕೇಳಬೇಕಾದ ಪ್ರಶ್ನೆಯೇ. ಚಿಕ್ಕ ಉತ್ತರ ಹೀಗಿದೆ: ಬಿಟ್ಟುಕೊಡುತ್ತಿಲ್ಲ, ಉತ್ತರವನ್ನು ಮುಂದೂಡುತ್ತಿದ್ದೇವೆ. ಬಿಳಿ ಮೊದಲು ತನ್ನ ಮನೆ ಕಟ್ಟಲಿ, ಎಲ್ಲಿ ಗೋಡೆ ತೆಳ್ಳಗಿದೆ ಅಂತ ನೋಡಿ ಆಮೇಲೆ ಹೊಡೆಯೋಣ ಅನ್ನುವ ಯೋಚನೆ. ಆದರೆ ಮುಂದೂಡುವುದಕ್ಕೂ ಒಂದು ಮಿತಿ ಇದೆ. ಆ ಮಿತಿ ಎಲ್ಲಿ ಅಂತ ತಿಳಿಯದೆ ಆಡುವವರೇ ನಮ್ಮ ಕಡೆ ಜಾಸ್ತಿ. ಅದಕ್ಕೇ ಈ ಡಿಫೆನ್ಸ್‌ಗೆ ಸುಮ್ನೆ ಕೆಟ್ಟ ಹೆಸರು ಬಂದಿದೆ.

ಮೊದಲು ಸ್ವಲ್ಪ ಹಿನ್ನೆಲೆ.

ಮೊದಲ ಮಹಾಯುದ್ಧದ ತನಕ ಯುರೋಪಿನಲ್ಲಿ ಚೆಸ್ ಅಂದರೆ ಜರ್ಮನಿಯ ಟಾರಾಶ್ ಹೇಳಿದ್ದೇ ವೇದ. ಸಿಪಾಯಿಗಳನ್ನು ನಡುವೆ ಇಡಬೇಕು, ಕಾಯಿಗಳನ್ನು ಬೇಗ ಹೊರತರಬೇಕು, ಇಕ್ಕಟ್ಟಾದ ಆಟ ಕೆಟ್ಟ ಆಟ. ಯುದ್ಧ ಮುಗಿದ ಮೇಲೆ ಹೊಸ ಹುಡುಗರು ಬಂದರು: ನಿಮ್ಜೊವಿಚ್, ರೇಟಿ, ಬ್ರೇಯರ್, ಗ್ರುನ್‌ಫೆಲ್ಡ್. ನಡುಮನೆಯಲ್ಲಿ ನಿಲ್ಲುವುದು ಬೇರೆ, ನಡುಮನೆಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದು ಬೇರೆ ಅಂತ ಇವರು ವಾದ ಹೂಡಿದರು. ಸಿಪಾಯಿ ಮುಂದೆ ಹೋದಷ್ಟೂ ಅದನ್ನು ಕಾಯುವ ಕೆಲಸ ಹೆಚ್ಚುತ್ತದೆ, ಸಿಪಾಯಿ ಹಿಂದಕ್ಕಂತೂ ಬರುವುದಿಲ್ಲ. ಹಾಗಾಗಿ ಎದುರಾಳಿಯನ್ನೇ ಮುಂದೆ ಬರಲು ಬಿಟ್ಟು, ದೂರದಿಂದ ಒಂಟೆ ಕುದುರೆಗಳಿಂದ ಗುರಿಯಿಡಬಹುದಲ್ಲ? ಇದನ್ನು ಹೈಪರ್‌ಮಾಡರ್ನ್ ಅಂತ ಕರೆದವನು ಟಾರ್ಟಾಕೋವರ್. 1924ರಲ್ಲಿ ನ್ಯೂಯಾರ್ಕ್ ಟೂರ್ನಿಯಲ್ಲಿ ರೇಟಿ ಇದೇ ದಾರಿಯಲ್ಲಿ ಆಡಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕನನ್ನು ಸೋಲಿಸಿದ. ಎಂಟು ವರ್ಷ ಸೋಲೇ ಕಾಣದಿದ್ದ ಆಟಗಾರ ಅವನು. ಅಲ್ಲಿಂದ ಮುಂದೆ ಯಾರೂ ಇದನ್ನು ಹುಡುಗಾಟ ಅನ್ನಲಿಲ್ಲ.

ಮಜಾ ಏನೆಂದರೆ, ಯುರೋಪಿಗೆ ಹೊಸದಾಗಿ ಕಂಡದ್ದು ನಮ್ಮಲ್ಲಿ ಹಳೆಯ ಅಭ್ಯಾಸ. ನಮ್ಮ ಹಳೆಯ ಚದುರಂಗದಲ್ಲಿ ಸಿಪಾಯಿಗೆ ಮೊದಲ ನಡೆಯಲ್ಲಿ ಎರಡು ಮನೆ ಹಾರುವ ಅವಕಾಶ ಇರಲಿಲ್ಲ. ಒಂದೊಂದೇ ಮನೆ. ಹಾಗೆ ಕಲಿತವನಿಗೆ ಡಿ6, ಜಿ6 ಆಡಿ ಒಂಟೆಯನ್ನು ಮಗ್ಗುಲಲ್ಲಿ ಇಡುವುದು ಸಹಜ. ಕಲ್ಕತ್ತೆಯಲ್ಲಿ ವಕೀಲಿಕೆ ಮಾಡುತ್ತಿದ್ದ ಸ್ಕಾಟ್‌ಲೆಂಡಿನ ಜಾನ್ ಕಾಕ್ರೇನ್ ಎಂಬಾತ 1850ರ ಆಸುಪಾಸಿನಲ್ಲಿ ಮಹೇಶಚಂದ್ರ ಬ್ಯಾನರ್ಜಿ ಅನ್ನುವ ಬಂಗಾಳಿ ಆಟಗಾರನೊಂದಿಗೆ ನೂರಾರು ಆಟ ಆಡಿ ಬರೆದಿಟ್ಟ. ಮಹೇಶಚಂದ್ರ ಕಪ್ಪು ಹಿಡಿದಾಗ ಜಿ6, ಒಂಟೆ ಜಿ7, ಡಿ6 ಮತ್ತೆ ಮತ್ತೆ ಬರುತ್ತವೆ. 1855ರ ಒಂದು ಆಟದಲ್ಲಂತೂ ಅವನು ಆಡಿದ್ದು ಇಂದು ಗ್ರುನ್‌ಫೆಲ್ಡ್ ಡಿಫೆನ್ಸ್ ಅನ್ನುವ ಓಪನಿಂಗ್. ಗ್ರುನ್‌ಫೆಲ್ಡ್ ಅದನ್ನು ಆಡಿದ್ದು 1922ರಲ್ಲಿ. ಕಿಂಗ್ಸ್ ಇಂಡಿಯನ್, ನಿಮ್ಜೊ ಇಂಡಿಯನ್ ಅನ್ನುವ ಹೆಸರುಗಳಲ್ಲಿರುವ 'ಇಂಡಿಯನ್' ಇಲ್ಲಿಂದ ಬಂದದ್ದು.

ಮಾಡರ್ನ್ ಡಿಫೆನ್ಸ್‌ಗೆ ರೋಬಾಚ್ ಡಿಫೆನ್ಸ್ ಅಂತಲೂ ಹೆಸರಿದೆ. ಆಸ್ಟ್ರಿಯಾದ ಗ್ರ್ಯಾಂಡ್‌ಮಾಸ್ಟರ್ ಕಾರ್ಲ್ ರೋಬಾಚ್ ಇದನ್ನು ಛಲ ಬಿಡದೆ ಆಡುತ್ತಿದ್ದ. ಚೆಸ್ ಬಿಟ್ಟರೆ ಅವನ ಇನ್ನೊಂದು ಹುಚ್ಚು ಆರ್ಕಿಡ್ ಹೂಗಳು. ಅದರಲ್ಲೂ ಅವನು ದೊಡ್ಡ ಪಂಡಿತ.

ಇರಲಿ, ಬೋರ್ಡಿಗೆ ಬರೋಣ.

ಇದರ ಹತ್ತಿರದ ಸಂಬಂಧಿ ಪಿರ್ಕ್ ಡಿಫೆನ್ಸ್. ಅಲ್ಲಿ ಕಪ್ಪು ಡಿ6 ಆಡಿ, ಎರಡನೇ ನಡೆಯಲ್ಲೇ ಕುದುರೆಯನ್ನು ಎಫ್6ಕ್ಕೆ ತರುತ್ತದೆ. ಕೊನೆಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಆ ಕುದುರೆ ಯಾವಾಗ ಹೊರಬಂತು ಅನ್ನುವುದರಲ್ಲೇ ಎಲ್ಲ ಇದೆ. ಪಿರ್ಕ್‌ನಲ್ಲಿ ಎಫ್6 ಕುದುರೆ ಇ4 ಸಿಪಾಯಿಯನ್ನು ಕೆಣಕುತ್ತದೆ. ಅದನ್ನು ಕಾಯಲು ಬಿಳಿ ಸಾಮಾನ್ಯವಾಗಿ ಕುದುರೆಯನ್ನು ಸಿ3ಕ್ಕೆ ತರುತ್ತದೆ, ಸಿ ಸಿಪಾಯಿಯ ದಾರಿ ಮುಚ್ಚಿಹೋಗುತ್ತದೆ. ಕಪ್ಪಿಗೆ ಇದು ಲಾಭ. ನಷ್ಟವೂ ಇದೆ: ಬಿಳಿ ಇ5 ತಳ್ಳಿದರೆ ಆ ಕುದುರೆ ಏಟು ತಿಂದು ಓಡಬೇಕು.

ಮಾಡರ್ನ್‌ನಲ್ಲಿ ಕುದುರೆ ಜಿ8ರಲ್ಲೇ ಕೂತಿರುತ್ತದೆ. ಬಿಳಿ ಇ5 ತಳ್ಳಿದರೆ ಅಲ್ಲಿ ಹೊಡೆಯಲು ಏನೂ ಇಲ್ಲ, ಸಿಪಾಯಿ ಗಾಳಿಗೆ ಗುದ್ದಿದ ಹಾಗೆ. ಜಿ7 ಒಂಟೆಯ ಓರೆ ದಾರಿಗೆ ತನ್ನದೇ ಕುದುರೆ ಅಡ್ಡ ನಿಂತಿಲ್ಲ. ಎಫ್6, ಇ5 ದಾಟಿ ಡಿ4ರ ಸಿಪಾಯಿ ತನಕ ನೇರ ನೋಟ. ಇನ್ನು ಆ ಕುದುರೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕಪ್ಪು ಕೊನೆಯ ತನಕ ಗುಟ್ಟಾಗಿ ಇಟ್ಟುಕೊಳ್ಳಬಹುದು. ಎಫ್6ಕ್ಕೆ ಹೋದರೆ ಪಿರ್ಕ್ ಆಗುತ್ತದೆ. ಇ7ಕ್ಕೆ ಹೋದರೆ ಬೇರೆಯೇ ಆಟ. ಎಚ್6ಕ್ಕೂ ಹೋಗಬಹುದು. ಕೆನಡಾದ ಗ್ರ್ಯಾಂಡ್‌ಮಾಸ್ಟರ್ ಡಂಕನ್ ಸಟ್ಲ್ಸ್ ಕುದುರೆಯನ್ನು ಎಚ್6ರಲ್ಲಿ ಇಟ್ಟು ಎಫ್5 ತಳ್ಳುವುದರಲ್ಲಿ ಹೆಸರುವಾಸಿ. ನೋಡಲು ವಿಕಾರವಾಗಿ ಕಂಡರೂ ಎದುರಾಳಿಗೆ ತಲೆನೋವು.

ಇದಕ್ಕೆ ಕಪ್ಪು ತೆರುವ ಬೆಲೆ ಏನು? ಇ4ಕ್ಕೆ ಒತ್ತಡ ಇಲ್ಲದ ಕಾರಣ ಬಿಳಿಗೆ ಸಿ4 ಆಡುವ ಅವಕಾಶ ಉಳಿಯುತ್ತದೆ. ಸಿ4, ಡಿ4, ಇ4, ಮೂರೂ ಸಾಲಾಗಿ. ಜಾಗ ಬಿಳಿಗೇ ಜಾಸ್ತಿ. ಕಂಪ್ಯೂಟರ್ ಎಂಜಿನ್ ಹಾಕಿ ನೋಡಿದರೂ ಅದು ಬಿಳಿಯ ಕಡೆಗೇ ವಾಲುತ್ತದೆ. ಮನುಷ್ಯರ ಆಟದಲ್ಲಿ ಮಾತ್ರ ಆ ಜಾಗವನ್ನು ಹೇಗೆ ಬಳಸಬೇಕು ಅಂತ ಬಿಳಿಗೆ ಗೊತ್ತಿರಬೇಕು, ಅದು ಅಷ್ಟು ಸುಲಭ ಅಲ್ಲ.

ಈಗ ಮುಖ್ಯ ವಿಷಯ. ಕಪ್ಪಿನ ಕೈಯಲ್ಲಿ ನಡುವಿಗೆ ಹೊಡೆಯುವ ಮೂರು ದಾರಿಗಳಿವೆ: ಸಿ5, ಇ5, ಮತ್ತು ಸಿ6 ಆಡಿಟ್ಟುಕೊಂಡು ಡಿ5. ಎಡ ಮಗ್ಗುಲಿನ ಬಿ5 ಕೂಡ ಸಿ5ಕ್ಕೆ ಜೊತೆಗಾರ. ಇವುಗಳಲ್ಲಿ ಒಂದನ್ನೂ ಆಡದೆ ಕಾಯಿಗಳನ್ನು ಹಿಂದಿನ ಎರಡು ಸಾಲಿನಲ್ಲಿ ಅಲ್ಲಿಂದಿಲ್ಲಿಗೆ ಓಡಾಡಿಸಿದರೆ ಅದು ಡಿಫೆನ್ಸ್ ಅಲ್ಲ, ಕಂತಿನಲ್ಲಿ ಸೋಲುವುದು. ಮುನಿರಾಬಾದಿನ ತುಂಗಭದ್ರಾ ಡ್ಯಾಂ ನಮಗೆಲ್ಲ ಗೊತ್ತಲ್ಲ. 33 ಗೇಟುಗಳಲ್ಲಿ ಯಾವುದನ್ನು ಯಾವಾಗ ಎತ್ತಬೇಕು ಅಂತ ನೋಡಿಕೊಂಡು ನೀರು ಬಿಡುತ್ತಾರೆ. ನಾವು ಎತ್ತದೆ ಅದಾಗೇ ಹೋದರೆ ಏನಾಗುತ್ತದೆ ಅಂತ 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ನೋಡಿದ್ದೇವೆ. ಬೋರ್ಡಿನಲ್ಲೂ ಅಷ್ಟೇ: ಒತ್ತಡ ಬಿಡಿಸುವುದು ನಮ್ಮ ಕೈಯಲ್ಲಿ ಇರಬೇಕು, ಎದುರಾಳಿಯ ಕೈಯಲ್ಲಲ್ಲ.

ಯಾವ ಹೊಡೆತ ಅನ್ನುವುದನ್ನು ಹೇಳಿಕೊಡುವುದು ಬಿಳಿಯ ಮೂರನೇ, ನಾಲ್ಕನೇ ನಡೆ. ಬಾಯಿಪಾಠ ಬೇಕಿಲ್ಲ, ನೋಡುವ ಕಣ್ಣು ಬೇಕು.

ಬಿಳಿ ಸಿ4 ಆಡಿತು ಅಂತ ಇಟ್ಟುಕೊಳ್ಳಿ. ಮೂರು ಸಿಪಾಯಿ ಸಾಲಾಗಿ ನಿಂತಾಗ ಭಯ ಆಗುತ್ತದೆ. ಆದರೆ ಒಂದು ಕ್ಷಣ ನೋಡಿ: ಸಿ ಸಿಪಾಯಿಯೂ ಇ ಸಿಪಾಯಿಯೂ ಡಿ4ರ ಪಕ್ಕಕ್ಕೇ ಬಂದುಬಿಟ್ಟಿವೆ, ಸಿಪಾಯಿ ಕಾಯುವುದು ಓರೆಯಾಗಿ ಮುಂದಿನ ಮನೆಯನ್ನು ಮಾತ್ರ. ಇನ್ನು ಮೇಲೆ ಡಿ4 ಮನೆಯನ್ನು ಯಾವ ಬಿಳಿ ಸಿಪಾಯಿಯೂ ಕಾಯಲಾರದು. ಜಿ7 ಒಂಟೆ ನೋಡುತ್ತಿರುವುದೂ ಅದನ್ನೇ. ಹಾಗಾಗಿ ಕಪ್ಪು ಡಿ6 ಆಡುತ್ತದೆ, ಬಿಳಿ ಕುದುರೆ ಸಿ3ಕ್ಕೆ ಬಂದ ಮೇಲೆ ತನ್ನ ಕುದುರೆಯನ್ನು ಸಿ6ಕ್ಕೆ ತರುತ್ತದೆ. ಬಿಳಿ ಡಿ5 ತಳ್ಳಿ ಕುದುರೆಯನ್ನು ಓಡಿಸಲು ನೋಡಿದರೆ ಕುದುರೆ ಹಿಂದೆ ಹೋಗುವುದಿಲ್ಲ, ನೇರ ಡಿ4ಕ್ಕೆ ಹಾರುತ್ತದೆ! ಎದುರಾಳಿಯ ಪಾಳಯದ ಬಾಗಿಲಲ್ಲೇ ನಿಂತಿದ್ದರೂ ಜಿ7 ಒಂಟೆ ಅದಕ್ಕೆ ಕಾವಲು. ಬಿಳಿ ಒಂಟೆಯನ್ನು ಇ3ಕ್ಕೆ ತಂದು ಒತ್ತಿದರೆ ಕಪ್ಪು ಸಿ5 ಆಡಿ ಬೆಂಬಲ ಕೊಡುತ್ತದೆ. ಬಿಳಿ ತನ್ನ ಆ ಒಂಟೆಯನ್ನೇ ಕೊಟ್ಟು ಕುದುರೆಯನ್ನು ಹೊಡೆದರೆ, ಆಮೇಲೆ ಕಪ್ಪು ಬಣ್ಣದ ಮನೆಗಳಲ್ಲಿ ಜಿ7 ಒಂಟೆಗೆ ಎದುರಾಳಿಯೇ ಇಲ್ಲ. ಸಿ4 ವಿರುದ್ಧ ನನಗೆ ಇದೇ ಇಷ್ಟ. ಕಪ್ಪಿನ ಯೋಚನೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಎಫ್4 ಇನ್ನೊಂದು ದಾರಿ. ಬಿಳಿ ಇ4, ಡಿ4, ಎಫ್4 ಮೂರನ್ನೂ ಮುಂದೆ ನೂಕಿ ಇ5ಕ್ಕೆ ತಯಾರಾಗುತ್ತದೆ. ಇಲ್ಲಿ ಎಫ್6ಕ್ಕೆ ಕುದುರೆ ತರುವ ಮುಂಚೆ ಎರಡು ಸಲ ಯೋಚಿಸಿ. ಜಾರ್ಜಿಯಾದ ಗುರ್ಗೆನಿಡ್ಜೆ ಒಂದು ಗಟ್ಟಿ ಉಪಾಯ ತೋರಿಸಿದ: ಡಿ6 ಬದಲು ಸಿ6, ಆಮೇಲೆ ಡಿ5. ಬಿಳಿ ಇ5 ತಳ್ಳಿದರೆ ಕಪ್ಪು ಎಚ್5 ಆಡಿ ಜಿ4ರ ಕಡೆಯ ದಾರಿಗೆ ಬೇಲಿ ಹಾಕುತ್ತದೆ, ಕುದುರೆಯನ್ನು ಎಚ್6ರ ಮೂಲಕ ಎಫ್5ಕ್ಕೆ ಕಳಿಸುತ್ತದೆ. ನಡು ಪೂರ್ತಿ ಮುಚ್ಚಿಹೋಯಿತು, ಜಿ7 ಒಂಟೆಯ ಎದುರು ಗೋಡೆ ಎದ್ದಿತು. ಒಂಟೆಗೆ ಬೇಜಾರು, ರಾಜನಿಗೆ ನೆಮ್ಮದಿ. ಅವಸರದ ದಾಳಿಕೋರರಿಗೆ ಇದು ಸಿಕ್ಕಾಪಟ್ಟೆ ಕಿರಿಕಿರಿ ಮಾಡುತ್ತದೆ.

ನಮ್ಮ ಕಡೆಯ ಟೂರ್ನಿಗಳಲ್ಲಿ ಜಾಸ್ತಿ ಎದುರಾಗುವುದು ಮೂರನೆಯದು. ಒಂಟೆ ಇ3, ರಾಣಿ ಡಿ2, ಆಮೇಲೆ ಒಂಟೆ ಎಚ್6. ಜಿ7 ಒಂಟೆಯನ್ನು ಬದಲಾಯಿಸಿಕೊಂಡು, ಎಚ್ ಸಿಪಾಯಿಯನ್ನು ಓಡಿಸಿ, ಆನೆಗೆ ದಾರಿ ಮಾಡಿ ಮೇಟ್. ಇದಕ್ಕೆ ಇಂಗ್ಲೆಂಡಿನಲ್ಲಿ '150 ಅಟ್ಯಾಕ್' ಅಂತ ಹೆಸರು. ಅಲ್ಲಿನ ಹಳೆಯ ರೇಟಿಂಗ್ ಪದ್ಧತಿಯಲ್ಲಿ 150 ಅಂದರೆ ಸಾಧಾರಣ ಕ್ಲಬ್ ಆಟಗಾರ. ಅಂಥವರೂ ತಲೆ ಕೆಡಿಸಿಕೊಳ್ಳದೆ ಆಡಬಹುದಾದ ದಾಳಿ ಅನ್ನುವ ಅಣಕ ಆ ಹೆಸರಿನಲ್ಲಿದೆ. ರಾಯಚೂರು, ಕೊಪ್ಪಳ, ಗಂಗಾವತಿ, ಎಲ್ಲಿ ಆಡಿದರೂ ಮೊಬೈಲಿನಲ್ಲಿ ವಿಡಿಯೋ ನೋಡಿ ಇದನ್ನು ಕಲಿತ ಮಕ್ಕಳು ಸಿಗುತ್ತಾರೆ. ಕಣ್ಣು ಮುಚ್ಚಿ ಆಡುತ್ತಾರೆ. ಕಪ್ಪಿನವರು ಅವಸರದಲ್ಲಿ ಕ್ಯಾಸ್ಲಿಂಗ್ (ರಾಜನನ್ನು ಆನೆಯ ಕಡೆಗೆ ಎರಡು ಮನೆ ಸರಿಸಿ, ಆನೆಯನ್ನು ಅವನ ಇನ್ನೊಂದು ಪಕ್ಕಕ್ಕೆ ತರುವ ನಡೆ) ಮಾಡಿಬಿಟ್ಟರೆ ಅವರ ದಾಳಿಗೆ ವಿಳಾಸ ಬರೆದುಕೊಟ್ಟಂತೆ.

ಅದಕ್ಕೆ ಮದ್ದು ಸರಳ. ಕ್ಯಾಸ್ಲಿಂಗ್ ಮಾಡಬೇಡಿ, ಕುದುರೆಯನ್ನೂ ಜಿ8ರಿಂದ ಎಬ್ಬಿಸಬೇಡಿ. ಈಗ ಬಿಳಿ ಒಂಟೆಯನ್ನು ಎಚ್6ಕ್ಕೆ ತಂದರೆ ಏನಾಗುತ್ತದೆ ನೋಡಿ. ಕಪ್ಪು ಒಂಟೆ ಅದನ್ನು ಹೊಡೆಯುತ್ತದೆ. ರಾಣಿ ಬಂದು ಮರಳಿ ಹೊಡೆದರೆ ಜಿ8ರ ಕುದುರೆ ರಾಣಿಯನ್ನೇ ತಿನ್ನುತ್ತದೆ! ಅಂದರೆ ಆ ಕುದುರೆ ಮನೆಯಲ್ಲಿ ಇರುವ ತನಕ ಬಿಳಿಯ ಇಡೀ ಯೋಜನೆ ಶುರುವಾಗುವುದೇ ಇಲ್ಲ. ಅಷ್ಟರಲ್ಲಿ ಕಪ್ಪು ಡಿ6, ಎ6, ಬಿ5 ಆಡಿ, ಒಂಟೆಯನ್ನು ಬಿ7ಕ್ಕೆ, ಕುದುರೆಯನ್ನು ಡಿ7ಕ್ಕೆ ತಂದು ಸಿ5ಕ್ಕೆ ಸಿದ್ಧವಾಗುತ್ತದೆ. ಬಿ4 ತಳ್ಳಿ ಸಿ3 ಕುದುರೆಯನ್ನು ಓಡಿಸಿದರೆ ಇ4 ಸಿಪಾಯಿಗೆ ಕಾವಲು ಕಮ್ಮಿ. ಈ ಎ6, ಬಿ5 ದಾರಿಯನ್ನು ಸ್ವೀಡನ್ನಿನ ಗ್ರ್ಯಾಂಡ್‌ಮಾಸ್ಟರ್ ಟೈಗರ್ ಹಿಲ್ಲಾರ್ಪ್ ಪೆರ್ಸನ್ ವರ್ಷಗಟ್ಟಲೆ ಆಡಿ, ಅದರ ಬಗ್ಗೆ ಬರೆದು, ಜನಪ್ರಿಯ ಮಾಡಿದ. ಕೊನೆಗೆ ಬಿಳಿ ರಾಣಿ ಮಗ್ಗುಲಿಗೆ ಕ್ಯಾಸ್ಲಿಂಗ್ ಮಾಡಿದರೆ, ಓಡಿಬರುವ ಎ ಬಿ ಸಿಪಾಯಿಗಳು ಅಲ್ಲೇ ಕಾಯುತ್ತಿರುತ್ತವೆ.

ಬಿಳಿ ಏನೂ ಗಲಾಟೆ ಮಾಡದೆ ಕುದುರೆ ಎಫ್3, ಒಂಟೆ ಇ2, ಕ್ಯಾಸ್ಲಿಂಗ್ ಅಂತ ಹಾಯಾಗಿ ಆಡಿದರೆ? ಆಗ ಕುದುರೆ ಎಫ್6ಕ್ಕೆ ತಂದು ಕ್ಯಾಸ್ಲಿಂಗ್ ಮಾಡಿ, ಇ5 ಅಥವಾ ಸಿ5. ಅದಕ್ಕಿಂತ ಹೆಚ್ಚು ಹೇಳುವಂಥದ್ದೇನಿಲ್ಲ.

ಒಂದು ಬಲೆಯನ್ನು ಮಾತ್ರ ನೆನಪಿಡಲೇಬೇಕು, ಇದು ನಮ್ಮೂರ ಮಕ್ಕಳು ಪದೇ ಪದೇ ಬೀಳುವ ಗುಂಡಿ. ಬೋರ್ಡ್ ಹಾಕಿಕೊಂಡು ನೋಡಿ. ಇ4, ಜಿ6. ಡಿ4, ಒಂಟೆ ಜಿ7. ಕುದುರೆ ಎಫ್3, ಡಿ6. ಒಂಟೆ ಸಿ4. ಈಗ ಕಪ್ಪು ಕುದುರೆ ಡಿ7 ಆಡುತ್ತದೆ, ನೋಡಲು ಏನೂ ತಪ್ಪಿಲ್ಲದ ನಡೆ. ಬಿಳಿ ಒಂಟೆ ಎಫ್7ರ ಸಿಪಾಯಿಯನ್ನು ಹೊಡೆದು ಚೆಕ್. ರಾಜ ಹೊಡೆಯುತ್ತದೆ. ಕುದುರೆ ಜಿ5ಕ್ಕೆ ಹಾರಿ ಇನ್ನೊಂದು ಚೆಕ್. ರಾಜ ಎಫ್8ಕ್ಕೆ ಹೋದರೆ ಕುದುರೆ ಇ6ಕ್ಕೆ ಬಂದು ರಾಜನಿಗೆ ಚೆಕ್, ಜೊತೆಗೆ ರಾಣಿಗೂ ಏಟು. ಇ8ಕ್ಕೆ ಹೋದರೂ ಕುದುರೆ ಇ6ಕ್ಕೇ ಬರುತ್ತದೆ. ಡಿ8ರಲ್ಲಿ ಕೂತ ರಾಣಿಗೆ ಸುತ್ತಲೂ ತನ್ನದೇ ಜನ: ಸಿ8ರಲ್ಲಿ ಒಂಟೆ, ಡಿ7ರಲ್ಲಿ ಕುದುರೆ, ಇ8ರಲ್ಲಿ ರಾಜ, ಎರಡೂ ಕಡೆ ಸಿಪಾಯಿ. ಒಂದು ಮನೆಯೂ ಇಲ್ಲ. ರಾಣಿ ಉಳಿಸಿಕೊಳ್ಳೋಣ ಅಂತ ರಾಜ ಧೈರ್ಯ ಮಾಡಿ ಎಫ್6ಕ್ಕೆ ಬಂದರೆ ರಾಣಿ ಎಫ್3, ಅಲ್ಲೇ ಚೆಕ್‌ಮೇಟ್. ಏಳನೇ ನಡೆಗೆ ಆಟ ಮುಗಿಯಿತು. ಒಗ್ಗರಣೆ ಮಿರ್ಚಿ ತರಲು ಹೋದವರು ಬರುವಷ್ಟರಲ್ಲಿ ಬೋರ್ಡ್ ಖಾಲಿ.

ಎಲ್ಲಿ ಎಡವಿದ್ದು? ಡಿ7 ಕುದುರೆ ಸಿ8 ಒಂಟೆಯ ದಾರಿ ಮುಚ್ಚಿತು, ಇ6 ಮನೆಯ ಕಾವಲು ಹೋಯಿತು, ರಾಣಿಯ ಬಾಗಿಲೂ ಬಂದ್ ಆಯಿತು. ಬಿಳಿ ಒಂಟೆ ಸಿ4ಕ್ಕೆ ಬಂದ ಕೂಡಲೇ ಇ6 ಆಡಿ ಆ ಓರೆ ದಾರಿಗೆ ಕಲ್ಲಿಡಿ, ಇಲ್ಲವೇ ಎಫ್6ಕ್ಕೆ ಕುದುರೆ ತನ್ನಿ. ಡಿ7ಕ್ಕೆ ಕುದುರೆ ಆಮೇಲೆ ಬರಲಿ, ಅವಸರವೇನಿಲ್ಲ.

ದೊಡ್ಡವರೂ ಇಲ್ಲಿ ಪೆಟ್ಟು ತಿಂದಿದ್ದಾರೆ. ಅತಿ ಹೆಸರಾದ ಉದಾಹರಣೆ 1963ರ ಅಮೆರಿಕ ಚಾಂಪಿಯನ್‌ಷಿಪ್‌ನ ಬಾಬಿ ಫಿಷರ್ ಮತ್ತು ಪಾಲ್ ಬೆಂಕೊ ಆಟ; ಫಿಷರ್ ಬಿಳಿ, ಬೆಂಕೊ ಕಪ್ಪು. ಆ ಟೂರ್ನಿಯಲ್ಲಿ ಫಿಷರ್ ಹನ್ನೊಂದಕ್ಕೆ ಹನ್ನೊಂದೂ ಗೆದ್ದ. ಬೆಂಕೊ ಶುರು ಮಾಡಿದ್ದು ಜಿ6ರಿಂದ. ಫಿಷರ್ ಎಫ್4 ಆಡಿದ, ಬೆಂಕೊ ಕುದುರೆಯನ್ನು ಎಫ್6ಕ್ಕೆ ತಂದು ಕ್ಯಾಸ್ಲಿಂಗ್ ಮಾಡಿದ, ಆಮೇಲೆ ತನ್ನ ಬಿಳಿ ಮನೆಯ ಒಂಟೆಯನ್ನು ಕೊಟ್ಟು ಎಫ್3ರ ಕುದುರೆಯನ್ನು ತೆಗೆದ. ಒಂಬತ್ತನೇ ನಡೆಯಲ್ಲಿ ಇ5 ಹೊಡೆತ. ಹೊಡೆತ ಬೇಕಾಗಿತ್ತು, ಸರಿ. ಆದರೆ ನಡು ತೆರೆದಾಗ ಅದರ ಲಾಭ ಸಿಕ್ಕಿದ್ದು ಯಾರಿಗೆ? ಫಿಷರ್ ಎಫ್5 ತಳ್ಳಿದ, ಬೆಂಕೊ ಜಿ ಸಿಪಾಯಿಯಿಂದ ಅದನ್ನು ಹೊಡೆದ, ರಾಜನ ಮುಂದಿನ ಗೋಡೆ ಹೋಯಿತು. ಬಿಳಿಯ ರಾಣಿ, ಆನೆ, ಒಂಟೆ ಎಲ್ಲವೂ ಒಂದೇ ಕಡೆ ಮುಖ ಮಾಡಿದವು.

ಹದಿನೆಂಟನೇ ನಡೆ ಮುಗಿದಾಗಿನ ಸ್ಥಿತಿ ನೋಡಿ. ಬಿಳಿ ರಾಣಿ ಎಚ್5ರಲ್ಲಿ, ಒಂಟೆ ಡಿ3ರಲ್ಲಿ, ಕಪ್ಪು ರಾಜ ಎಚ್8ರಲ್ಲಿ. ಫಿಷರ್ ಇ5 ತಳ್ಳಿದರೆ ಒಂಟೆಯ ದಾರಿ ತೆರೆದು ಎಚ್7ರಲ್ಲಿ ಮೇಟ್ ಆಗಬೇಕು. ಆದರೆ ಇ5ಕ್ಕೆ ಕಪ್ಪು ಎಫ್5 ಅಂತ ಉತ್ತರ ಕೊಟ್ಟು ದಾರಿ ಮುಚ್ಚಿಬಿಡುತ್ತದೆ. ಹಾಗಾಗಿ ಫಿಷರ್ ಮೊದಲು ತನ್ನ ಆನೆಯನ್ನು ಎಫ್6ರಲ್ಲಿ, ಎದುರಾಳಿಯ ಒಂಟೆಯ ಬಾಯಿಗೇ ಇಟ್ಟ! ಎಫ್7ರ ಸಿಪಾಯಿ ಈಗ ಅಲುಗಾಡುವಂತಿಲ್ಲ. ಒಂಟೆ ಆನೆಯನ್ನು ತಿಂದರೆ ಇ5, ಆಮೇಲೆ ಎಚ್7ರಲ್ಲಿ ಮೇಟ್ ತಪ್ಪಿಸುವವರಿಲ್ಲ. ಬೆಂಕೊ ತಿನ್ನಲಿಲ್ಲ, ಇನ್ನೆರಡು ನಡೆ ಆಡಿ ಕೈಚೆಲ್ಲಿದ. 21 ನಡೆಗಳಲ್ಲಿ ಆಟ ಮುಗಿಯಿತು. ಎಲ್ಲರೂ ಆ ಆನೆಯ ನಡೆಯನ್ನೇ ಕೊಂಡಾಡುತ್ತಾರೆ. ಕಪ್ಪು ಆಡುವವರು ನೋಡಬೇಕಾದದ್ದು ಎಂಟರಿಂದ ಹನ್ನೊಂದನೇ ನಡೆಯವರೆಗೆ. ಕ್ಯಾಸ್ಲಿಂಗ್ ಮಾಡಿದ್ದಾಯಿತು, ಒಂಟೆ ಕೊಟ್ಟಾಯಿತು, ಅದಾದ ಮೇಲೆ ಎಫ್ ಸಾಲು ಬಿಳಿಗೆ ತೆರೆಯುವ ಹಾಗೆ ನಡುವನ್ನು ಒಡೆದದ್ದು.

ಹಾಗಂತ ಇದು ಸಣ್ಣ ಟೂರ್ನಿಗಳ ಸರಕು ಅಂತ ತಿಳಿಯಬೇಡಿ. 1966ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪೆಟ್ರೋಸಿಯನ್ ವಿರುದ್ಧ ಸ್ಪಾಸ್ಕಿ ಎರಡು ಸಲ ಹಿಪ್ಪೊಪೊಟಮಸ್ ಅನ್ನುವ ವ್ಯೂಹ ಆಡಿದ. ಇದು ಮಾಡರ್ನ್‌ನದೇ ಮೊಂಡು ತಮ್ಮ. ಎರಡು ಒಂಟೆ ಬಿ7 ಮತ್ತು ಜಿ7ರಲ್ಲಿ, ಎರಡು ಕುದುರೆ ಡಿ7 ಮತ್ತು ಇ7ರಲ್ಲಿ, ತಳ್ಳಿದ ಸಿಪಾಯಿಗಳೆಲ್ಲ ಒಂದೊಂದೇ ಮನೆ ಮುಂದೆ. ಹೊಡೆಯಲು ಎದುರಾಳಿಗೆ ಏನೂ ಸಿಗುವುದಿಲ್ಲ. ಎರಡೂ ಆಟ ಡ್ರಾ. 1972ರಲ್ಲಿ ಸ್ಪಾಸ್ಕಿ ವಿರುದ್ಧದ 17ನೇ ಆಟದಲ್ಲಿ ಫಿಷರ್ ತಾನೇ ಪಿರ್ಕ್ ಆಡಿ ಡ್ರಾ ಮಾಡಿಕೊಂಡ. ಕೆಟ್ಟ ನೆನಪೂ ಇದೆ. 1978ರಲ್ಲಿ ಫಿಲಿಪ್ಪೀನ್ಸ್‌ನ ಬಾಗಿಯೊದಲ್ಲಿ ಕಾರ್ಪೊವ್, ಕೊರ್ಚ್ನೊಯ್ ಇಬ್ಬರೂ ಐದೈದು ಗೆದ್ದು ಸಮ ನಿಂತಿದ್ದರು. ಆರನೇ ಗೆಲುವು ಯಾರದೋ ಅವರೇ ಚಾಂಪಿಯನ್. 32ನೇ ಆಟದಲ್ಲಿ ಕೊರ್ಚ್ನೊಯ್ ಪಿರ್ಕ್ ಆರಿಸಿಕೊಂಡ, ಸೋತ, ಪಟ್ಟದ ಅವಕಾಶವೂ ಹೋಯಿತು. ಡ್ರಾ ಆದರೂ ಪಂದ್ಯ ಮುಂದುವರಿಯುತ್ತಿದ್ದ ದಿನ ಅಂಥ ಇಕ್ಕಟ್ಟಿನ ಆಟ ಯಾಕೆ ಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇದನ್ನು ಯಾರು ಆಡಬೇಕು? ಈಗಷ್ಟೇ ಕಾಯಿ ನಡೆಸಲು ಕಲಿತ ಮಕ್ಕಳಿಗೆ ನಾನು ಇದನ್ನು ಕೊಡುವುದಿಲ್ಲ. ಮೊದಲು ಅವರು ಇ5 ಆಡಿ, ನಡುಮನೆಯಲ್ಲಿ ಹೊಡೆದಾಡಿ, ಜಾಗ ಅಂದರೇನು ಅಂತ ಮೈಗೆ ಹತ್ತಿಸಿಕೊಳ್ಳಲಿ. ನಡುಮನೆಯ ಬೆಲೆ ಗೊತ್ತಿಲ್ಲದವರು ಅದನ್ನು ಬಿಟ್ಟುಕೊಟ್ಟರೆ ಅದಕ್ಕೆ ತಂತ್ರ ಅನ್ನಲಾಗದು. ಒಂದೆರಡು ವರ್ಷ ಆಡಿದವರಿಗೆ, ಅದರಲ್ಲೂ ಓದು, ಕೆಲಸ, ಹೊಲ ಅಂತ ಇದ್ದು ಭಾನುವಾರಕ್ಕೊಮ್ಮೆ ರ‍್ಯಾಪಿಡ್ ಆಡುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಇಟಾಲಿಯನ್ ಓಪನಿಂಗನ್ನು ಹತ್ತು ಹನ್ನೆರಡು ನಡೆ ಬಾಯಿಪಾಠ ಮಾಡಿ ಬಂದ ಎದುರಾಳಿಯ ಪಾಠ ಜಿ6 ಕಂಡ ಮೊದಲ ನಡೆಗೇ ಮುಗಿಯುತ್ತದೆ. ಅಲ್ಲಿಂದ ಇಬ್ಬರೂ ಸ್ವಂತ ತಲೆಯಿಂದ ಆಡಬೇಕು. ಅದು ಒಳ್ಳೆಯದೇ ಅಲ್ವಾ?

ಅಭ್ಯಾಸ ಮಾಡುವಾಗ ನಡೆಗಳ ಪಟ್ಟಿ ಹಿಡಿದು ಕೂರಬೇಡಿ. ಆಡಿದ ಆಟ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾನು ನಡುವಿಗೆ ಎಷ್ಟನೇ ನಡೆಯಲ್ಲಿ ಹೊಡೆದೆ? ಹದಿನೈದು ನಡೆ ದಾಟಿಯೂ ಸಿ5, ಇ5, ಡಿ5 ಯಾವುದೂ ಬಂದಿಲ್ಲ ಅಂದರೆ, ಆಟ ಗೆದ್ದಿದ್ದರೂ ಎದುರಾಳಿಯ ದಯೆಯಿಂದ ಗೆದ್ದದ್ದು. ಲಿಚೆಸ್ ಥರದ ಉಚಿತ ಆ್ಯಪ್‌ನಲ್ಲಿ ಆಟ ಹಾಕಿ ಎಂಜಿನ್ ಯಾವ ನಡೆಯಿಂದ ಬಿಳಿಗೆ ಒಮ್ಮೆಲೇ ಜಿಗಿಯಿತು ಅಂತ ನೋಡಿ. ಎಷ್ಟೋ ಸಲ ಅದು ಕಪ್ಪು ಹೊಡೆಯಬೇಕಾಗಿದ್ದೂ ಹೊಡೆಯದೆ ಕಾಲ ತಳ್ಳಿದ ನಡೆಯೇ ಆಗಿರುತ್ತದೆ.

ಕೊನೆಗೆ ಶಿಬಿರದಲ್ಲಿ ಯಾವಾಗಲೂ ಬರುವ ಪ್ರಶ್ನೆ: ಬಿಳಿ ಇ4 ಆಡದೆ ಡಿ4 ಆಡಿದರೆ? ಆಗಲೂ ಜಿ6. ಬಿಳಿ ಇ4 ಆಡಿದರೆ ಅದೇ ಹಳೆಯ ಸ್ಥಿತಿ. ಸಿ4 ಆಡಿ, ಇ4 ಆಡದೆ ಕುದುರೆಗಳನ್ನು ಸಿ3, ಎಫ್3ಕ್ಕೆ ತಂದರೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಅಲ್ಲಿ ನೀವು ಕುದುರೆಯನ್ನು ಎಫ್6ಕ್ಕೆ ತಂದರೆ ಆಟ ಕಿಂಗ್ಸ್ ಇಂಡಿಯನ್‌ಗೆ ತಿರುಗುತ್ತದೆ, ಅದು ಬೇರೆಯೇ ಕಾಡು, ಓದಿಕೊಂಡೇ ಹೋಗಬೇಕು. ಓದದವರಿಗೆ ಒಂದು ಅಡ್ಡದಾರಿ ಇದೆ: ಡಿ6 ಆದ ಮೇಲೆ ಸಿ8 ಒಂಟೆಯನ್ನು ಜಿ4ಕ್ಕೆ ತಂದು, ಸಮಯ ನೋಡಿ ಎಫ್3 ಕುದುರೆಯನ್ನು ಹೊಡೆಯಿರಿ. ಆ ಕುದುರೆಯೇ ಡಿ4ರ ಮುಖ್ಯ ಕಾವಲುಗಾರ. ಅದು ಹೋದ ಮೇಲೆ ನಿಮ್ಮ ಕುದುರೆಯನ್ನು ಸಿ6ಕ್ಕೆ ತನ್ನಿ. ಜಿ7 ಒಂಟೆಯೂ ಅದೂ ಸೇರಿ ಡಿ4ರ ಮೇಲೆ ಕೂರುತ್ತವೆ, ಬಿಳಿ ಇ3 ಆಡಿ ಕಾಯಬೇಕು, ಇಲ್ಲವೇ ಡಿ5 ತಳ್ಳಿ ಒಂಟೆಗೆ ಪೂರ್ತಿ ದಾರಿ ಬಿಡಬೇಕು.